ತಮ್ಮನ ಲ್ಯಾಪ್‌ಟಾಪಿಗೆ ನಾನು ಹಾಕಿದ ಎಣ್ಣೆ

ಹೆಡ್‌ಮೇಡಂ ಅವತ್ತು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಇದು ಹೇಗಮ್ಮ ಹಾಳಾಯ್ತು?" ನಾನು ಹೇಳಬೇಕಾಗಿದ್ದ ಉತ್ತರವೂ ಚಿಕ್ಕದೇ ಇತ್ತು. "ನಾನು ಹಾಳು ಮಾಡಿದೆ ಮೇಡಂ." ಅಷ್ಟು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ತಮ್ಮನ ಕಡೆ ಕೈ ತೋರಿಸಿದೆ. ಅವನು ಮಾತು ಕಮ್ಮಿ ಇರುವ ಹುಡುಗ. ಅವನ ಮೇಲೆ ಏನು ಹೊರಿಸಿದರೂ ತಿರುಗಿ ಕೇಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೊರಿಸಿದೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆಯುವ ರೂಢಿ ಇಲ್ಲ. ನಡೆದದ್ದನ್ನು ನಡೆದ ಹಾಗೆ ಮೊದಲಿಂದ ಹೇಳುತ್ತೇನೆ.

ನಾವು ಯಾದಗಿರಿ ಕಡೆಯವರು. ಅಪ್ಪ ಗಾರೆ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ಕಗ್ಗದಾಸಪುರದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದ. ರೂಮು ಅಂದರೆ ಅದೊಂದೇ. ಸ್ಟವ್ ಕಡೆ ತಿರುಗಿ ಕೂತರೆ ಅಡಿಗೆಮನೆ, ಗೋಡೆ ಕಡೆ ತಿರುಗಿ ಮಲಗಿದರೆ ಬೆಡ್‌ರೂಮು. ಆಗ ಊರಾಚೆಯ ಹೊಸ ಏರ್‌ಪೋರ್ಟು ಆಗಿರಲಿಲ್ಲ, ವಿಮಾನಗಳು ಇನ್ನೂ ನಮ್ಮ ಪಕ್ಕದಲ್ಲೇ ಇಳಿಯುತ್ತಿದ್ದವು. ಒಗೆದು ಹಾಕಿದ ಸೀರೆಗೆ ಎಲ್ಲಿ ಚಕ್ರ ತಾಗುತ್ತದೋ ಅನ್ನುವಷ್ಟು ಕೆಳಗೆ ಬರುತ್ತಿದ್ದವು. ಅವ್ವ ಇಂದಿರಾನಗರದ ಒಂದು ಮನೆಯಲ್ಲಿ ಪಾತ್ರೆ, ಬಟ್ಟೆ, ನೆಲ ಎಲ್ಲ ಮಾಡುತ್ತಿದ್ದಳು. ನಾನು ಹಲಸೂರಿನ ಒಂದು ಬ್ಲೌಸ್ ಅಂಗಡಿಯಲ್ಲಿ ಹೊಲಿಯುತ್ತಿದ್ದೆ.

ತಮ್ಮ ನನಗಿಂತ ಬಹಳ ಚಿಕ್ಕವನು. ನಡೆಯುವುದು, ಓಡುವುದು, ಗೇಟು ಹತ್ತುವುದು ಎಲ್ಲ ಹೊತ್ತಿಗೆ ಸರಿಯಾಗಿ ಕಲಿತ. ಮಾತು ಮಾತ್ರ ಬರಲಿಲ್ಲ. ಬಂದಾಗಲೂ ನಾಲ್ಕಾರು ಪದ ಬಂತು ಅಷ್ಟೇ. ಗಾಬರಿಯಾದರೆ ನಾವು ಕೇಳಿದ ಪ್ರಶ್ನೆಯನ್ನೇ ನಮಗೆ ತಿರುಗಿ ಹೇಳುತ್ತಿದ್ದ. "ಊಟ ಮಾಡ್ತೀ?" ಅಂದರೆ "ಊಟ ಮಾಡ್ತೀ" ಅನ್ನುತ್ತಿದ್ದ. ದೊಡ್ಡಾಸ್ಪತ್ರೆಯ ಡಾಕ್ಟರು ನೋಡಿ ಇದು ಆಟಿಸಂ ಅಂದರು, ಇದಕ್ಕೆ ಗುಳಿಗೆ ಇಲ್ಲ ಅಂತಲೂ ಅಂದರು. ಅಪ್ಪನಿಗೆ ಅದೇ ಸಮಾಧಾನವಾಯಿತು. "ಗುಳಿಗಿ ಇಲ್ಲ ಅಂದ್ರ ಅದು ರೋಗೇ ಅಲ್ಲ ಬಿಡು" ಅಂತ ಬಸ್ಸಿನಲ್ಲಿ ಬರುವಾಗ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ.

ಅಂಗಡಿಯ ಹತ್ತಿರವೇ ಒಂದು ಹಳೆಯ ಕನ್ನಡ ಶಾಲೆ ಇತ್ತು. ದಿನಾ ಬೆಳಿಗ್ಗೆ ಅವನನ್ನು ಅಲ್ಲಿ ಬಿಟ್ಟು ನಾನು ಅಂಗಡಿಗೆ ಹೋಗುತ್ತಿದ್ದೆ, ಸಂಜೆ ಅವನು ಬಂದು ನನ್ನ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದ. ಅವನಿಗೆ ಓದಲು ಬರುತ್ತಿತ್ತು. ಬಸ್ಸಿನ ಬೋರ್ಡು, ಪೊಟ್ಟಣ ಕಟ್ಟಿದ ಪೇಪರು, ಸೋಪಿನ ಡಬ್ಬಿ, ಏನು ಸಿಕ್ಕರೂ ಓದುತ್ತಿದ್ದ. ಬರೆಯಲು ಮಾತ್ರ ಆಗುತ್ತಿರಲಿಲ್ಲ. ಪೆನ್ಸಿಲ್ ಹಿಡಿದರೆ ಬೆರಳು ಬಿಳಿಚಿಕೊಳ್ಳುತ್ತಿತ್ತು, ಒಂದು ಅಕ್ಷರ ಮೂಡಿಸುವುದರೊಳಗೆ ಹಾಳೆ ಹರಿಯುತ್ತಿತ್ತು. ಮೇಷ್ಟ್ರು ಬೋರ್ಡು ಒರೆಸಿ ಮುಂದಿನ ಪಾಠಕ್ಕೆ ಹೋಗುವಾಗ ಇವನು ಇನ್ನೂ ತಲೆಬರಹದಲ್ಲೇ ಇರುತ್ತಿದ್ದ. ಪರೀಕ್ಷೆಯಲ್ಲಿ ಉತ್ತರವೆಲ್ಲ ತಲೆಯಲ್ಲಿಟ್ಟುಕೊಂಡು ಖಾಲಿ ಹಾಳೆ ಕೊಟ್ಟು ಬರುತ್ತಿದ್ದ.

ಅವನು ಏಳನೇ ಕ್ಲಾಸಿಗೆ ಬಂದ ವರ್ಷ ಅವ್ವ ಕೆಲಸ ಮಾಡುವ ಮನೆಯ ಅಮ್ಮ ತಮ್ಮ ಮಗನ ಹಳೆಯ ಲ್ಯಾಪ್‌ಟಾಪು ಕೊಟ್ಟರು. ಆ ಅಮ್ಮನಿಗೆ ಇಂಥ ಮಕ್ಕಳ ವಿಷಯ ಸ್ವಲ್ಪ ಗೊತ್ತಿತ್ತು. "ಕೈಯಲ್ಲಿ ಬರೆಯೋಕೆ ಆಗದ ಮಕ್ಕಳು ಇದರಲ್ಲಿ ಬರೀತಾರೆ, ಕೊಟ್ಟು ನೋಡು" ಅಂದರಂತೆ. ಕನ್ನಡ ಅಕ್ಷರ ಬರುವ ಹಾಗೆ ಅವರ ಮಗನೇ ಏನೋ ಹಾಕಿಕೊಟ್ಟಿದ್ದ. ಅವ್ವ ಅದನ್ನು ಸೀರೆಯಲ್ಲಿ ಸುತ್ತಿ ಕೂಸಿನ ಹಾಗೆ ಎದೆಗೊತ್ತಿ ತಂದಳು.

ತಮ್ಮ ಅದರ ಮುಂದೆ ಕೆಲವು ದಿನ ಸುಮ್ಮನೆ ಕೂತಿದ್ದ. ಒಂದೊಂದೇ ಕೀ ಒತ್ತಿ ಏನು ಬರುತ್ತದೆ ಅಂತ ನೋಡಿದ. ಒಂದು ಸಂಜೆ ನಾವೆಲ್ಲ ಊಟಕ್ಕೆ ಕೂತಾಗ ಟಪಟಪ ಒತ್ತಿ ನನ್ನ ಕಡೆ ತಿರುಗಿಸಿದ. ನಾನು ಗಟ್ಟಿಯಾಗಿ ಓದಿದೆ: "ನನಗೆ ಪುಂಡಿ ಪಲ್ಯ ಸೇರುವುದಿಲ್ಲ."

ಅವನು ನಮ್ಮ ಜೊತೆ ಆಡಿದ ಮೊದಲ ಪೂರ್ತಿ ವಾಕ್ಯ ಅದು. ಅವನು ಚಿಕ್ಕವನಿದ್ದಾಗಿನಿಂದ ಅವ್ವ ಅವನಿಗೆ ರೊಟ್ಟಿಯ ಜೊತೆ ಪುಂಡಿ ಪಲ್ಯ ತಿನ್ನಿಸಿದ್ದಳು, ನಾಲಿಗೆಗೆ ಹುಳಿ ತಾಗಿದರೆ ಮಾತು ಬಂದೀತು ಅಂತ. "ಯಪ್ಪಾ ಶಿವನೇ, ಇಷ್ಟು ವರ್ಷ ಸುಮ್ನ ತಿಂದಾನಲ್ಲೋ ನನ ಕೂಸು" ಅಂತ ಅವಳು ಅಳುತ್ತಾ ಅವನ ತಟ್ಟೆಯಿಂದ ಪಲ್ಯ ತೆಗೆದು ಅಪ್ಪನ ತಟ್ಟೆಗೆ ಹಾಕಿದಳು. ಅಪ್ಪ ಲ್ಯಾಪ್‌ಟಾಪಿನ ಕಡೆ ಆಸೆಯಿಂದ ನೋಡಿದ. "ನಂದೂ ಒಂದು ಮಾತು ಬರಿ ಅದ್ರಾಗ. ನನಗೂ ಸೇರಂಗಿಲ್ಲ."

ಮಾರನೆಯ ದಿನವೇ ನಾನು ಶಾಲೆಗೆ ಹೋಗಿ ಹೆಡ್‌ಮೇಡಂ ಮುಂದೆ ನಿಂತೆ. ಅವರು ದಪ್ಪ ಕನ್ನಡಕದ, ನಿಧಾನಕ್ಕೆ ಮಾತಾಡುವ ಹೆಂಗಸು. ಅಪ್ಪ ಅವ್ವ ಬಂದರೆ ಕೂರಿ ಅನ್ನುತ್ತಿದ್ದರು, ಇವರಿಬ್ಬರೂ ನೆಲದ ಮೇಲೆ ಕೂತುಬಿಡುತ್ತಿದ್ದರು. ಹಾಗಾಗಿ ಶಾಲೆಯ ಮಾತೆಲ್ಲ ನನ್ನ ಜೊತೆಗೇ. "ನೀನು ಜವಾಬ್ದಾರಿ ಇರೋ ಹುಡುಗಿ ಕಣಮ್ಮ" ಅಂತ ಒಮ್ಮೆ ಅಂದಿದ್ದರು. ಓದಿದವರು ನನಗೆ ಹಾಗೆ ಅಂದದ್ದು ಅದೇ ಮೊದಲು. ಆ ಮಾತನ್ನು ನಾನು ಜರತಾರಿ ಸೀರೆಯ ಹಾಗೆ ಮಡಿಸಿಟ್ಟುಕೊಂಡಿದ್ದೆ.

ಮೇಷ್ಟ್ರುಗಳ ಮೀಟಿಂಗ್ ಆಯಿತು. ಒಬ್ಬರು ಬೇಡ ಅಂದರು, ಒಬ್ಬರು ಬೇರೆ ಮಕ್ಕಳೂ ಕೇಳುತ್ತಾರೆ ಅಂದರು. ಕೊನೆಗೆ ಹೆಡ್‌ಮೇಡಂ ಒಪ್ಪಿದರು. "ಕ್ಲಾಸಲ್ಲಿ ಇದರಲ್ಲೇ ಬರೀಲಿ, ಪರೀಕ್ಷೇನೂ ಇದರಲ್ಲೇ ಬರೀಲಿ. ಆದ್ರೆ ಸಿಟ್ಟಲ್ಲಿ ಎಸೆದ, ಒಡೆದ, ಯಾರಿಗಾದ್ರೂ ಹೊಡೆದ ಅಂದ್ರೆ ಅವತ್ತೇ ನಿಲ್ಲಿಸ್ತೀನಿ. ನಾನು ಎಲ್ಲರಿಗೂ ಉತ್ತರ ಹೇಳ್ಬೇಕು."

"ಅವ ಯಾರಿಗೂ ಏನೂ ಮಾಡಂಗಿಲ್ರಿ ಮೇಡಂ" ಅಂದೆ. ನಾನೇ ಅಂದೆ.

ಲ್ಯಾಪ್‌ಟಾಪಿನ ಬ್ಯಾಟರಿಗೆ ವಯಸ್ಸಾಗಿತ್ತು, ವೈರು ಚುಚ್ಚದೆ ನಡೆಯುತ್ತಿರಲಿಲ್ಲ. ಕ್ಲಾಸಿನಲ್ಲಿ ಇದ್ದ ಒಂದೇ ಪ್ಲಗ್ಗು ಬೋರ್ಡಿನ ಪಕ್ಕ, ಮೇಷ್ಟ್ರ ಮೇಜಿನ ಹಿಂದೆ. ಹಾಗಾಗಿ ತಮ್ಮನ ಡೆಸ್ಕು ಅಲ್ಲಿಗೆ ಹೋಯಿತು. ಮೇಷ್ಟ್ರ ಪಕ್ಕದಲ್ಲಿ, ಇಡೀ ಕ್ಲಾಸಿಗೆ ಎದುರಾಗಿ, ಕೋರ್ಟಿನಲ್ಲಿ ಜಡ್ಜ್ ಪಕ್ಕ ಟೈಪಿಸ್ಟ್ ಕೂತ ಹಾಗೆ ಕೂತ. ಹುಡುಗರು ಒಂದೇ ದಿನದಲ್ಲಿ ಅವನಿಗೆ ಗುಮಾಸ್ತ ಅಂತ ಹೆಸರಿಟ್ಟರು. "ಗುಮಾಸ್ತ್ರು ಬಂದ್ರು, ದಾರಿ ಬಿಡ್ರೋ!" ಅಂತ ಬಾಗಿಲಲ್ಲಿ ಕೂಗುತ್ತಿದ್ದರು. ಅವನಿಗೆ ಅದು ಬೈಗುಳ ಅಂತ ಅನ್ನಿಸಲೇ ಇಲ್ಲ. ಗುಮಾಸ್ತನಿಗೆ ತಕ್ಕ ಹಾಗೆ ಗಂಭೀರವಾಗಿ ಹೋಗಿ ಕೂರುತ್ತಿದ್ದ.

ನೋಟ್ಸ್ ಬರಿ ಅಂದರೆ ಏನು ಬರೆಯಬೇಕು, ಏನು ಬಿಡಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಆದ್ದರಿಂದ ಏನನ್ನೂ ಬಿಡುತ್ತಿರಲಿಲ್ಲ. ಸಂಜೆ ಅಂಗಡಿಯಲ್ಲಿ ನಾನು ಅದನ್ನು ಅಕ್ಷರ ಕೂಡಿಸಿ ಓದುತ್ತಿದ್ದೆ. ಹೀಗೆ ಇರುತ್ತಿತ್ತು: "ಚಕ್ರವರ್ತಿಯು ರಸ್ತೆಗಳ ಬದಿಯಲ್ಲಿ ಸಾಲುಮರಗಳನ್ನು ನೆಡಿಸಿದನು. ವಿಮಾನ ಹೋಯಿತು. ಚಕ್ರವರ್ತಿಯು ಏ ಕೊನೇ ಬೆಂಚು ಏನ್ರೋ ಅದು ನಗು ಬಾವಿಗಳನ್ನು ತೋಡಿಸಿದನು. ಮೇಷ್ಟ್ರು ಆಕಳಿಸಿದರು. ಉಳಿದದ್ದು ನಾಳೆ ಎಂದರು. ನಿನ್ನೆಯೂ ಎಂದರು."

ಅಂಗಡಿಯ ಹುಡುಗಿಯರೆಲ್ಲ ಮಿಷನ್ನು ನಿಲ್ಲಿಸಿ ಕೇಳುತ್ತಿದ್ದರು. ಶಾಲೆಗೆ ಚಕ್ಕರ್ ಹಾಕಿದ ಹುಡುಗರಿಗೂ ಈ ನೋಟ್ಸ್ ಬಲು ಇಷ್ಟವಾಯಿತು. "ಇದನ್ನ ಓದಿದ್ರೆ ಕ್ಲಾಸಿಗೆ ಹೋಗೋದೇ ಬೇಡ ಮಗಾ, ಬೈಗುಳ ಸಮೇತ ಎಲ್ಲಾ ಇದೆ" ಅನ್ನುತ್ತಿದ್ದರು. ಸಮಾಜದ ಮೇಷ್ಟ್ರು ಆಕಳಿಸುವುದನ್ನು ಬಿಟ್ಟರು. ಆಕಳಿಕೆ ತಡೆಯಲಾಗದಿದ್ದರೆ ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದರಂತೆ. ಅದೂ ನೋಟ್ಸಿನಲ್ಲಿ ಬಂತು.

ಆ ಮೂರು ತಿಂಗಳು ತಮ್ಮ ಶಾಲೆಗೆ ನನಗಿಂತ ಮುಂದೆ ಮುಂದೆ ನಡೆದ. ಕಿರುಪರೀಕ್ಷೆಯಲ್ಲಿ ಉತ್ತರ ಬರೆದ, ಮಾರ್ಕ್ಸ್ ಬಂತು. ಹೆಡ್‌ಮೇಡಂ ನನ್ನನ್ನು ಕರೆಸಿ ತೋರಿಸಿದರು.

ಗಣಿತದ ಟೀಚರಮ್ಮನಿಗೆ ಮಾತ್ರ ಒಂದು ತೊಂದರೆ ಇತ್ತು. ಅವನು ಕೀಗಳನ್ನು ಮೆಲ್ಲಗೆ ಒತ್ತುವವನಲ್ಲ, ಮೆಣಸಿನಕಾಯಿ ಕುಟ್ಟಿದ ಹಾಗೆ ಒತ್ತುತ್ತಿದ್ದ. "ಟಪಟಪಟಪ ಅಂತ ತಗಡಿನ ಮೇಲೆ ಮಳೆ ಬಿದ್ದ ಹಾಗೆ ಕೇಳುತ್ತೆ. ನಾನು ದಶಕ ತಗೊಂಡಿದ್ದೀನೋ ಇಲ್ವೋ ಮರೆತೇಹೋಗುತ್ತೆ" ಅಂತ ದೂರಿದರು. ದಸರಾ ರಜೆ ಶುರುವಾಗುವ ದಿನ ಹೆಡ್‌ಮೇಡಂ ನನಗೆ ಹೇಳಿದರು: "ಸದ್ದು ಸ್ವಲ್ಪ ಕಮ್ಮಿ ಆಗೋ ಹಾಗೆ ಏನಾದ್ರೂ ಮಾಡೋಕಾಗುತ್ತಾ ನೋಡಮ್ಮ. ಕೆಳಗೆ ಬಟ್ಟೆ ಗಿಟ್ಟೆ ಹಾಕಿ."

"ಅದೇನ್ ದೊಡ್ಡದ್ರಿ ಮೇಡಂ, ನಾ ಮಾಡ್ತೀನಿ ತಗೋರಿ" ಅಂದೆ.

ನನಗೆ ಮಿಷನ್ನಿನ ವಿಷಯ ಗೊತ್ತಿತ್ತಲ್ಲ. ನಮ್ಮ ಓನರಕ್ಕ ಹಲಸೂರಿನಲ್ಲೇ ಹುಟ್ಟಿ ಬೆಳೆದ ತಮಿಳಿನ ಹೆಂಗಸು, ಹೊಲಿಗೆ ಕಲಿಸಿದವರೇ ಅವರು. ಮೊದಲನೇ ದಿನ ನನಗೆ ಹೇಳಿದ ಮಾತು ಇದು: "ಮಿಷನ್ನು ಕೂಗ್ತಾ ಇದ್ರೆ ಬಾಯಾರಿದೆ ಅಂತ ಅರ್ಥ ಕಣಮ್ಮಾ. ಎಣ್ಣೆ ಕುಡಿಸು, ಸುಮ್ನಾಗುತ್ತೆ." ಪ್ರತಿ ವಾರ ಎಲ್ಲ ಮಿಷನ್ನಿನ ಎಲ್ಲ ಕೀಲಿಗೂ ನಾವು ಎಣ್ಣೆ ಬಿಡುತ್ತಿದ್ದೆವು. ಆಯುಧಪೂಜೆಯ ಹಿಂದಿನ ದಿನವಂತೂ ಒರೆಸಿ, ನೂಲು ಕಸ ತೆಗೆದು, ಎಣ್ಣೆ ಬಿಟ್ಟು, ಮದುವೆ ಹೆಣ್ಣಿನ ಹಾಗೆ ತಯಾರು ಮಾಡುತ್ತಿದ್ದೆವು. ಆ ಸಾಲಿನ ಕೊನೆಯಲ್ಲಿ ತಮ್ಮನ ಲ್ಯಾಪ್‌ಟಾಪೂ ಇತ್ತು. ಇದೂ ಕೂಗುತ್ತಿತ್ತು. ಬಾಯಾರಿತ್ತು.

ಉದ್ದ ಮೂಗಿನ ಎಣ್ಣೆ ಡಬ್ಬಿ ಎತ್ತಿಕೊಂಡು ಒಂದೊಂದು ಕೀಯ ಸಂದಿಗೂ ಒಂದೊಂದು ಹನಿ ಬಿಟ್ಟೆ. ತಮ್ಮ ಸ್ಟೂಲಿನಿಂದ ಎದ್ದು ನನ್ನ ಮೊಣಕೈ ಹಿಡಿದ. "ಬ್ಯಾಡ" ಅಂದ. ಅವನ ಬಾಯಲ್ಲಿ ಇದ್ದ ನಾಲ್ಕಾರು ಪದದಲ್ಲಿ ಅದೊಂದು. "ಬ್ಯಾಡ, ಬ್ಯಾಡ, ಬ್ಯಾಡ."

"ಸುಮ್ನಿರೋ, ನಿನಗೇನ್ ಗೊತ್ತದ? ನಾ ಮಿಷನ್ನಿನ್ಯಾಗೇ ಬೆಳದಾಕಿ" ಅಂದೆ. ದೊಡ್ಡ ಕೀ ಅಂತ ಉದ್ದನೆಯದಕ್ಕೆ ಎರಡು ಹನಿ ಜಾಸ್ತಿ ಬಿಟ್ಟೆ. ಒತ್ತಿ ನೋಡಿದೆ. ಬೆಣ್ಣೆಯ ಹಾಗೆ ಇಳಿಯಿತು, ಸದ್ದೇ ಇಲ್ಲ. ನನಗೆ ಬಹಳ ಹೆಮ್ಮೆಯಾಯಿತು.

ಮಾರನೆಯ ದಿನ ಪೂಜೆ. ಬಾಳೆಕಂಬ ಕಟ್ಟಿ, ರಸೆಲ್ ಮಾರುಕಟ್ಟೆಯಿಂದ ತಂದ ಚೆಂಡುಹೂವಿನ ಮಾಲೆಯನ್ನು ಮಿಷನ್ನುಗಳಿಗೆಲ್ಲ ಹಾಕಿದೆವು. ಲ್ಯಾಪ್‌ಟಾಪನ್ನು ನಾನು ನಡುವೆ, ಎಲ್ಲರ ಕಣ್ಣಿಗೆ ಬೀಳುವಲ್ಲಿ ಇಟ್ಟೆ. ಪಕ್ಕದ ಪಾತ್ರೆ ಅಂಗಡಿಯವರು ಇಣುಕಿ "ಏನಕ್ಕಾ, ನಿಮ್ಮಂಗಡಿಗೂ ಕಂಪ್ಯೂಟ್ರು ಬಂತಾ? ಇನ್ಮೇಲೆ ಬ್ಲೌಸು ಅದೇ ಹೊಲಿಯುತ್ತಾ?" ಅಂದರು. ನಾನು ಬೇಕಂತಲೇ ತಡಮಾಡಿ "ನಮ್ಮ ತಮ್ಮಂದು" ಅಂದೆ. ಓನರಕ್ಕ ಪರದೆಗೆ ಮೂರು ಪಟ್ಟೆ ವಿಭೂತಿ ಎಳೆದರು, ಕೀಗಳ ಮೇಲೆ ಅರಿಸಿನ ಕುಂಕುಮ ಹಾಕಿದರು, ಕಡ್ಲೇಪುರಿ ಎರಚಿದರು, ತೀರ್ಥ ಚಿಮುಕಿಸಿದರು. ತಮ್ಮ ಕೀಗಳ ಸಂದಿಯಿಂದ ಪುರಿಯನ್ನು ಒಂದೊಂದೇ ಹೆಕ್ಕಲು ಶುರುಮಾಡಿದ. ಪೂಜೆ ಆದ ಆಯುಧ ವಿಜಯದಶಮಿಯ ಪೂಜೆಯವರೆಗೆ ಮುಟ್ಟಬಾರದು ಅಂತ ನಾನೇ ಅವನ ಕೈ ತೆಗೆಸಿ ಅದನ್ನು ಮುಚ್ಚಿಟ್ಟೆ.

ವಿಜಯದಶಮಿಯ ದಿನ ತೆಗೆದರೆ ಪರದೆ ಬೆಳಗಿತು, ನಾವೆಲ್ಲ ಕೈ ಮುಗಿದೆವು. ತಮ್ಮ 'ಕ' ಒತ್ತಿದ. ಕೀ ಒಳಗೆ ಹೋಯಿತು, ಮೇಲೆ ಬರಲಿಲ್ಲ. ಪರದೆಯ ತುಂಬ ಕಕಕಕಕ ಅಂತ ಓಡತೊಡಗಿತು, ಕೋಳಿಗೂಡಿಗೆ ಬೆಂಕಿ ಬಿದ್ದ ಹಾಗೆ. ಉಳಿದ ಕೀಗಳು ಎಣ್ಣೆ, ಕುಂಕುಮ, ಪುರಿಯ ಪುಡಿ ಕಲಸಿದ ಕೆಸರಲ್ಲಿ ಕೂತಿದ್ದವು. ಬಟ್ಟೆಗೆ ಎಣ್ಣೆ ಕಲೆ ಬಿದ್ದರೆ ನಾವು ಮುಖದ ಪೌಡರು ಉದುರಿಸುತ್ತೇವೆ, ಎಣ್ಣೆ ಹೀರಿಕೊಳ್ಳುತ್ತದೆ. ಗಾಬರಿಯಲ್ಲಿ ಅದನ್ನೂ ಉದುರಿಸಿದೆ. ಕೆಸರು ಗಟ್ಟಿಯಾಯಿತು. ತಮ್ಮ ನೆಲದ ಮೇಲೆ ಕೂತು ಎರಡೂ ಕಿವಿ ಮುಚ್ಚಿಕೊಂಡು ಹಿಂದಕ್ಕೆ ಮುಂದಕ್ಕೆ ತೂಗತೊಡಗಿದ. ಅವನು ಅಳುವುದು ಹಾಗೆ.

ಶಾಲೆ ಶುರುವಾದ ದಿನ ಅದನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಹೆಡ್‌ಮೇಡಂ ರೂಮಿನಲ್ಲಿ ಗಣಿತದ ಟೀಚರಮ್ಮ, ಸಮಾಜದ ಮೇಷ್ಟ್ರು ಇಬ್ಬರೂ ಇದ್ದರು. ಹೆಡ್‌ಮೇಡಂ ಮುಚ್ಚಳ ತೆಗೆದು ನೋಡಿ ಆ ಪ್ರಶ್ನೆ ಕೇಳಿದರು. ಇದು ಹೇಗಮ್ಮ ಹಾಳಾಯ್ತು.

ನಿಜ ಹೇಳಬೇಕೆಂದೇ ಹೋಗಿದ್ದೆ. ಬಾಯಿ ತೆಗೆದಾಗ ಅವರು ಮೂವರೂ ನಗುವುದು ಕಣ್ಣಿಗೆ ಬಂತು. ಕಂಪ್ಯೂಟರಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಹಾಕಿದ ಹೆಡ್ಡಿ. ಐದನೇ ಕ್ಲಾಸು. ಜವಾಬ್ದಾರಿ ಇರೋ ಹುಡುಗಿ. ನನ್ನ ಕೈ ತಾನಾಗೇ ತಮ್ಮನ ಕಡೆ ಹೋಯಿತು. "ಇವ ನೀರು ಸುರದಾನ್ರಿ ಮೇಡಂ. ಸಿಟ್ಟು ಬಂದಿತ್ತು."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಸುಳ್ಳು ತೆಳ್ಳಗಾಯಿತು ಅನ್ನಿಸಿ ಲೈನಿಂಗ್ ಕೊಟ್ಟೆ. ಸಿಟ್ಟು ಬಂದರೆ ಹಿಂಗೇ, ಮನೆಯಲ್ಲೂ ಎಸೆಯುತ್ತಾನೆ, ನಾವೇ ಹೆದರಿಕೊಂಡಿರುತ್ತೇವೆ ಅಂದೆ. ಯಾರೂ ಮರುಪ್ರಶ್ನೆ ಕೇಳಲಿಲ್ಲ. ಟೀಚರಮ್ಮ "ನಾನು ಮೊದಲೇ ಹೇಳಿದ್ನಲ್ಲ" ಅಂದರು. ಇಂಥ ಹುಡುಗ ಇದನ್ನು ಮಾಡಿರುತ್ತಾನೆ ಅಂತ ನಂಬುವುದಕ್ಕೆ ಎಲ್ಲರೂ ತಯಾರಾಗಿ ಕೂತಿದ್ದರು, ನಾನು ಬರೀ ತಳ್ಳಿದೆ.

ಹೆಡ್‌ಮೇಡಂ ಒಬ್ಬರೇ ಬಗ್ಗಿ ಅವನನ್ನು ಕೇಳಿದರು: "ಏನೋ ಪುಟ್ಟ, ನೀನೇ ಮಾಡಿದ್ಯಾ?"

ಅವನಿಗೆ ಗಾಬರಿಯಾಗಿತ್ತು. "ನೀನೇ ಮಾಡಿದ್ಯಾ" ಅಂದ.

"ನೋಡಿ, ಒಪ್ಕೊಂಡ" ಅಂದರು ಟೀಚರಮ್ಮ. ಹೆಡ್‌ಮೇಡಂ ನಿಟ್ಟುಸಿರು ಬಿಟ್ಟು, ಇನ್ನು ಲ್ಯಾಪ್‌ಟಾಪು ತರುವುದು ಬೇಡ, ಎಲ್ಲರ ಹಾಗೆ ಪೆನ್ಸಿಲ್ಲಿನಲ್ಲೇ ಬರೆಯಲಿ ಅಂದರು. ಡೆಸ್ಕು ಕೊನೇ ಬೆಂಚಿನ ಹಿಂದಕ್ಕೆ ಹೋಯಿತು.

ಮನೆಯಲ್ಲೂ ಅದೇ ಸುಳ್ಳು ಹೇಳಿದೆ. ಯಾರಾದರೂ ಬೈದಿದ್ದರೆ ನನ್ನ ಎದೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ, ಒಬ್ಬರೂ ಬೈಯಲಿಲ್ಲ. ಅವ್ವ ಅವನ ತಲೆ ನೇವರಿಸಿದಳು. ಇಂದಿರಾನಗರದ ಅಮ್ಮ "ಪಾಪ, ಅವನಿಗೇನು ಗೊತ್ತಾಗುತ್ತೆ" ಅಂದರಂತೆ. ಅಪ್ಪನಂತೂ "ಸಿಟ್ಟು ನಮ್ಮ ಮನಿತನದ್ದು, ನಮ್ಮಪ್ಪನೂ ಹಂಗೇ ಇದ್ದ" ಅಂತ ಓಣಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡು ಬಂದ.

ನಾನು ಯಾರಿಗೂ ಹೇಳದೆ ಲ್ಯಾಪ್‌ಟಾಪನ್ನು ಶಿವಾಜಿನಗರದ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿಯ ಭಾಯಿ ಅದನ್ನು ತೆಗೆದು ಮೂಗಿನ ಹತ್ತಿರ ಹಿಡಿದ. ಒಂದು ಕೀ ಕಿತ್ತು ಬೆರಳಿಗೆ ಹಚ್ಚಿ ಉಜ್ಜಿದ. ಆಮೇಲೆ ಪಕ್ಕದವನನ್ನು ಕರೆದು ತೋರಿಸಿದ.

"ಅಕ್ಕಾ, ತೇಲ್ ಐತೆ, ಅರಿಶಿಣ ಐತೆ, ಕುಂಕುಮ ಐತೆ, ಪೌಡರ್ ಭೀ ಐತೆ. ನೀವು ಇದಕ್ಕೆ ಮದ್ವೆ ಮಾಡಿದ್ರಾ?"

"ಆಯುಧಪೂಜೆ" ಅಂದೆ.

"ಪೂಜೆಗೆ ತೇಲ್ ಕಾಯ್ಕೂ?"

"ಸದ್ದು ಮಾಡ್ತಿತ್ತು."

"ಯಾ ಅಲ್ಲಾ" ಅಂದ ಪಕ್ಕದವನು. "ನಮ್ಮ ಬೀಬಿಗೂ ಸ್ವಲ್ಪ ಹಾಕ್ಕೊಡಿ ಅಕ್ಕಾ."

ಹಾಳಾಗಿದ್ದು ಕೀಬೋರ್ಡ್ ಒಂದೇ, ಒಳಗೆಲ್ಲ ಸರಿ ಇದೆ ಅಂತ ಭಾಯಿ ಬೇರೆ ಹಾಕಿಕೊಟ್ಟ. ವಾರದೊಳಗೆ ಲ್ಯಾಪ್‌ಟಾಪು ಹೊಸದರ ಹಾಗೆ ಆಯಿತು. ಆದರೆ ಶಾಲೆ ಅದನ್ನು ಬೇಡ ಅಂದಿದ್ದು ಕೆಟ್ಟಿದೆ ಅಂತಲ್ಲವಲ್ಲ, ತಮ್ಮ ಕೆಟ್ಟವನು ಅಂತ. ಅದನ್ನು ರಿಪೇರಿ ಮಾಡುವ ಅಂಗಡಿ ಶಿವಾಜಿನಗರದಲ್ಲಿ ಇರಲಿಲ್ಲ. ಸರಿಯಿರುವ ಲ್ಯಾಪ್‌ಟಾಪು ಮನೆಯ ಟ್ರಂಕಿನ ಮೇಲೆ ಕೂತಿರುತ್ತಿತ್ತು, ತಮ್ಮ ಹರಿದ ಹಾಳೆಗಳನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದ. ಒಂದು ದಿನ ಕ್ಲಾಸಿನ ಕಿಟಕಿಯಿಂದ ಇಣುಕಿದೆ. ಕೊನೇ ಬೆಂಚಿನಲ್ಲಿ ಕೂತು ಖಾಲಿ ಡೆಸ್ಕಿನ ಮೇಲೆ ಹತ್ತೂ ಬೆರಳು ಆಡಿಸುತ್ತಿದ್ದ. ಮೇಷ್ಟ್ರು ಹೇಳಿದ್ದನ್ನೆಲ್ಲ ಬರೆಯುತ್ತಿದ್ದ. ಮರದ ಹಲಗೆ ಅದರಲ್ಲಿ ಒಂದಕ್ಷರವನ್ನೂ ಇಟ್ಟುಕೊಳ್ಳುತ್ತಿರಲಿಲ್ಲ.

ಅಂಗಡಿಯಲ್ಲಿ ನನಗೆ ಬೇರೆಯೇ ಫಜೀತಿ. ಎಣ್ಣೆ ಡಬ್ಬಿ ಕೈಗೆತ್ತಿಕೊಂಡರೆ ಸಾಕು, ತಮ್ಮ ಸ್ಟೂಲಿನಿಂದ ಎದ್ದು ಅಂಗಡಿಯ ಸಾಮಾನು ಕಾಪಾಡಲು ಶುರುಮಾಡುತ್ತಿದ್ದ. ಮೊದಲು ತನ್ನ ಸ್ಕೂಲ್ ಚೀಲ, ಆಮೇಲೆ ರೇಡಿಯೋ, ಆಮೇಲೆ ಇಸ್ತ್ರಿ ಪೆಟ್ಟಿಗೆ. ಒಂದೊಂದನ್ನೂ ಎದೆಗೊತ್ತಿಕೊಂಡು ರಸ್ತೆ ದಾಟಿ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಇಟ್ಟು ಬರುತ್ತಿದ್ದ. ಒಂದು ಸಲ ತಿರುಗುತ್ತಿದ್ದ ಟೇಬಲ್ ಫ್ಯಾನನ್ನೇ ವೈರು ಸಮೇತ ಎತ್ತಿಕೊಂಡು ಹೊರಟ. ಇನ್ನೊಂದು ಸಲ ಅಳತೆ ಕೊಡಲು ಬಂದಿದ್ದ ಹೆಂಗಸಿನ ಮೊಬೈಲನ್ನು ಅವಳ ಕೈಯಿಂದಲೇ ತೆಗೆದುಕೊಂಡು ಓಡಿದ. ಅವಳು "ಕಳ್ಳ, ಕಳ್ಳ!" ಅಂತ ಹಿಂದೆ ಓಡಿದಳು, ಟೇಪು ಕೊರಳಲ್ಲಿ ಹಾಗೇ ನೇತಾಡುತ್ತಿತ್ತು.

ಓನರಕ್ಕ ಸೊಂಟದ ಮೇಲೆ ಕೈ ಇಟ್ಟು ನಿಂತರು. "ಯಾಕಮ್ಮಾ, ನಿನ್ ತಮ್ಮ ಎಣ್ಣೆ ಕಂಡ್ರೆ ಹೀಗಾಡ್ತಾನೆ? ನೀರು ಸುರಿದವನು ನೀರಿಗಲ್ವಾ ಹೆದರ್ಬೇಕು?"

ಪೂಜೆಯ ಹಿಂದಿನ ದಿನ ಅವರೂ ಅಂಗಡಿಯಲ್ಲಿದ್ದರು. ಎಣ್ಣೆ ಹಾಕಿದ್ದನ್ನು ನೋಡಿದ್ದರು. ಶಾಲೆಯಲ್ಲಿ ನಾನು ಏನು ಹೇಳಿದೆ ಅಂತ ಹುಡುಗಿಯರಿಂದ ಅವರಿಗೆ ತಿಳಿದಿತ್ತು. ಎಣ್ಣೆ ಡಬ್ಬಿ ನನ್ನ ಕೈಯಿಂದ ತೆಗೆದುಕೊಂಡು ತಾವೇ ಮಿಷನ್ನಿಗೆ ಹಾಕಿಕೊಂಡರು. ಅವತ್ತು ನಾನು ಹೊಲಿದ ಎರಡು ಬ್ಲೌಸಿಗೆ ತೋಳು ಉಲ್ಟಾ ಕೂತಿತು.

ವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ ಹೆಡ್‌ಮೇಡಂ ಕರೆಸಿದರು. ತಮ್ಮನೂ ಜೊತೆಗಿದ್ದ. ಮೇಜಿನ ಮೇಲೆ ಅವನ ಉತ್ತರಪತ್ರಿಕೆಗಳಿದ್ದವು, ಎಲ್ಲ ಬಿಳಿ.

"ನೋಡಮ್ಮ, ಹೀಗಾದ್ರೆ ಇವನನ್ನ ಮುಂದಿನ ಕ್ಲಾಸಿಗೆ ಕಳಿಸೋಕಾಗಲ್ಲ. ಕೆ.ಆರ್. ಪುರದ ಆಚೆ ಇಂಥ ಮಕ್ಕಳಿಗೇ ಅಂತ ಒಂದು ಕಡೆ ಇದೆ. ಪಾಠ ಇರಲ್ಲ, ಮೇಣದಬತ್ತಿ ಮಾಡೋದು, ಕವರ್ ಅಂಟಿಸೋದು ಕಲಿಸ್ತಾರೆ. ಅಲ್ಲಿಗೆ ಹಾಕಿ. ಲ್ಯಾಪ್‌ಟಾಪ್ ಇದ್ದಾಗ ಚೆನ್ನಾಗೇ ಇದ್ದ. ಏನ್ ಮಾಡೋದು, ಸಿಟ್ಟು ಇಂಥದ್ದಾದ್ರೆ."

ನಾನು ತಮ್ಮನ ಕಡೆ ನೋಡಿದೆ. ಅವನು ಗೋಡೆಯ ಮೇಲಿದ್ದ ನಕ್ಷೆಯಲ್ಲಿ ನದಿಗಳ ಹೆಸರು ಓದಿಕೊಳ್ಳುತ್ತಿದ್ದ, ತುಟಿ ಅಲ್ಲಾಡುತ್ತಿತ್ತು.

"ಎಣ್ಣಿ ರೀ ಮೇಡಂ" ಅಂದೆ.

"ಏನು?"

"ನೀರಲ್ರಿ. ಎಣ್ಣಿ. ನಾ ಹಾಕಿದ್ದು."

ಹೆಡ್‌ಮೇಡಂ ಕನ್ನಡಕ ತೆಗೆದರು. "ಎಣ್ಣೆ? ಯಾಕೆ? ತಲೆಗೆ ಹಚ್ಚೋ ಎಣ್ಣೆನಾ?"

"ಹೊಲಿಗಿ ಮಿಷನ್ನಿಂದ್ರಿ. ಸದ್ದು ಕಮ್ಮಿ ಮಾಡಂದ್ರಲ್ರಿ ನೀವು. ಎಲ್ಲಾ ಬಟನ್ನಿಗೂ ಹಾಕೀ‌ನ್ರಿ. ಇವ ಬ್ಯಾಡ ಅಂದ. ನಾ ಕೇಳ್ಲಿಲ್ಲ."

ಅವರ ಮುಖ ಮೊದಲು ಗಂಭೀರವಾಗಿಯೇ ಇತ್ತು. ಆಮೇಲೆ ಒಂದು ಕಡೆಯಿಂದ ಸಡಿಲವಾಯಿತು. ಮೇಜಿನ ಮೇಲೆ ಕೈ ಊರಿ, ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಣಿಯುವ ಹಾಗೆ ನಕ್ಕರು. ನೀರಿನ ಲೋಟ ಇಡಲು ಬಂದ ಆಯಾ ಏನು ಅಂತ ಕೇಳಿದಳು. ಅವರು ಹೇಳಲಾಗದೆ ನನ್ನ ಕಡೆ ಕೈ ತೋರಿಸಿದರು, ನಾನೇ ಮತ್ತೆ ಹೇಳಬೇಕಾಯಿತು. ಆಯಾ ಹೋಗಿ ಟೀಚರಮ್ಮನಿಗೆ ಹೇಳಿದಳು. ಟೀಚರಮ್ಮ ಬಾಗಿಲಿಗೆ ಬಂದು ನನ್ನನ್ನು ನೋಡಿ "ನಾನು ಸದ್ದು ಅಂದಿದ್ದಕ್ಕಾ?" ಅಂತ ಕೇಳಿ ತಾವೂ ನಕ್ಕು ಹೋದರು. ಯಾವ ನಗುವಿಗೆ ಹೆದರಿ ತಮ್ಮನ ಮೇಲೆ ಸುಳ್ಳು ಹೊರಿಸಿದ್ದೆನೋ ಆ ನಗು ಪೂರ್ತಿ ಬಂದು ನನ್ನ ಮೇಲೆ ಬಿತ್ತು. ಕಿವಿ ಬಿಸಿಯಾಯಿತು, ಕಾಲ ಕೆಳಗಿನ ನೆಲ ಅಲ್ಲೇ ಇತ್ತು. ಇಷ್ಟಕ್ಕಾಗಿಯಾ, ಅನ್ನಿಸಿತು.

ಹೆಡ್‌ಮೇಡಂ ಕಣ್ಣು ಒರೆಸಿಕೊಂಡು ಕನ್ನಡಕ ಹಾಕಿಕೊಂಡರು. ಹಾಕಿಕೊಂಡ ಮೇಲೆ ನಗು ಇರಲಿಲ್ಲ.

"ಅಂದ್ರೆ ಅವನು ಏನೂ ಮಾಡಿಲ್ಲ."

"ಏನೂ ಮಾಡಿಲ್ರಿ."

"ಮನೇಲಿ ಎಸೀತಾನೆ ಅಂದ್ಯಲ್ಲ?"

"ಅದೂ ಸುಳ್ಳು ರೀ."

ಅವರು ಬಿಳಿ ಹಾಳೆಗಳನ್ನು ಒಂದೊಂದಾಗಿ ಜೋಡಿಸಿ ಬದಿಗಿಟ್ಟರು. "ನಾಳೆಯಿಂದ ಲ್ಯಾಪ್‌ಟಾಪ್ ತರ್ಲಿ. ಪರೀಕ್ಷೆ ಅದರಲ್ಲೇ ಬರೀಲಿ. ನಾನೂ ಇನ್ನೊಂದು ಸಲ ವಿಚಾರಿಸ್ಬೇಕಿತ್ತು, ವಿಚಾರಿಸ್ಲಿಲ್ಲ." ಆಮೇಲೆ ತಮ್ಮನ ಕಡೆ ನೋಡಿ ನನ್ನನ್ನು ಕೇಳಿದರು: "ಇದನ್ನೆಲ್ಲ ನನಗೆ ಹೇಳಿದೆ, ಸರಿ. ಅವನಿಗೆ ಹೇಳಿದ್ಯಾ?"

ಹೇಳಿರಲಿಲ್ಲ. ಹೇಳಬೇಕು ಅಂತ ಹೊಳೆದೇ ಇರಲಿಲ್ಲ. ಅವನು ಅಲ್ಲೇ ಇದ್ದನಲ್ಲ, ಎಲ್ಲ ಗೊತ್ತಿತ್ತಲ್ಲ. ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರ ಹತ್ತಿರ ತಪ್ಪಾಯಿತು ಅಂದದ್ದನ್ನು ನಾನು ನೋಡಿಯೂ ಇರಲಿಲ್ಲ. ಬಹಳ ಅಂದರೆ ಒಂದು ರೊಟ್ಟಿ ಜಾಸ್ತಿ ಹಾಕುತ್ತಿದ್ದರು.

ಹೊರಗೆ ವೆರಾಂಡದಲ್ಲಿ ಅವನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತೆ. ಅವನು ನನ್ನ ಮುಖ ನೋಡಲಿಲ್ಲ, ನನ್ನ ಭುಜದ ಮೇಲೆ ಅಂಟಿದ್ದ ನೂಲಿನ ಎಳೆಯನ್ನು ನೋಡುತ್ತಿದ್ದ. ಆಟಕ್ಕೆ ಬಿಟ್ಟ ಹುಡುಗರು ಪಕ್ಕದಲ್ಲಿ ಓಡಾಡುತ್ತಿದ್ದರು. ಮೆಲ್ಲಗೆ ಹೇಳಿದರೆ ಅವನಿಗೆ ಕೇಳಿಸುತ್ತಿರಲಿಲ್ಲ, ಅದಕ್ಕೆ ಗಟ್ಟಿಯಾಗಿಯೇ ಹೇಳಿದೆ.

"ತಮ್ಮಾ, ನೀ ಬ್ಯಾಡ ಅಂದಿದ್ದಿ, ನಾ ಕೇಳ್ಲಿಲ್ಲ. ಕೆಡಿಸಿದಾಕಿ ನಾನು. ಕೆಡಿಸಿ ನಿನ್ನ ಹೆಸರು ಹೇಳಿದಾಕಿನೂ ನಾನೇ. ನೀ ಏನೂ ಮಾಡಿರಲಿಲ್ಲ. ನನ್ನಿಂದ ತಪ್ಪಾಗ್ಯದ."